‘ಕಲ್ಪನೆ’: ಒಂದು ಪದದ ಅರ್ಥವ್ಯಾಪ್ತಿ

ಯೇಸುಸ್ವಾಮಿಯ ಸಾಮ್ಯಗಳು ಕಾಲ್ಪನಿಕವೆಂದು ಪ್ರಸಂಗಿಯು ಹೇಳಿದೊಡನೆ ಸಭಿಕರಲ್ಲಿ ಕೆಲವರಿಗೆ ಕಸಿವಿಸಿಯಾಗುತ್ತದೆ. ಅವರ ಕಿವಿಗೆ ‘ಕಾಲ್ಪನಿಕ’ವೆಂದರೆ ‘ಸುಳ್ಳು’. ಈ ಎಣಿಕೆ ಸರಿಯೇ ಎಂಬುದನ್ನು ಪದದ ಮೂಲದಿಂದಲೇ ವಿಚಾರಿಸಬೇಕು.

‘ಕಲ್ಪನೆ’ಯು ಸಂಸ್ಕೃತದ ‘ಕೢಪ್’ ಧಾತುವಿನಿಂದ ಬಂದುದು. ಅಣಿಯಾಗು, ತಕ್ಕದ್ದಾಗು ಎಂಬುದು ಅದರ ಮೂಲಾರ್ಥ. ಯಜ್ಞವಿಧಿಗಳನ್ನು ಕ್ರಮಪಡಿಸುವ ವೇದಾಂಗಕ್ಕೆ ‘ಕಲ್ಪ’ವೆಂಬ ಹೆಸರು ಬಂದದ್ದೂ ಇದರಿಂದಲೇ. ಕನ್ನಡದಲ್ಲಿ ‘ಅವಕಾಶ ಕಲ್ಪಿಸು’, ‘ಸೌಲಭ್ಯ ಕಲ್ಪಿಸು’ ಎನ್ನುವಾಗ ಇಲ್ಲದ್ದನ್ನು ಉಂಟೆನ್ನುವ ಭಾವವಿಲ್ಲ. ಇಲ್ಲದ್ದನ್ನು ಉಂಟುಮಾಡುವ ಭಾವವಿದೆ. ನೆರೆಭಾಷೆಗಳಲ್ಲಿ ಪದವು ಇನ್ನೊಂದು ದಿಕ್ಕು ಹಿಡಿದಿದೆ. ಮಲಯಾಳ ಕ್ರೈಸ್ತರು ದಶಾಜ್ಞೆಗಳನ್ನು ‘ಪತ್ತು ಕಲ್ಪನಗಳ್’ ಎನ್ನುತ್ತಾರೆ. ತಮಿಳು ಸತ್ಯವೇದದಲ್ಲಿಯೂ ‘ಕರ್ಪನೈ’ ಎಂದರೆ ಆಜ್ಞೆ. ಮೂರೂ ಭಾಷೆಗಳವರು ಕಲೆತು ವಾಸಿಸುವ ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಸೇವೆಮಾಡುವ ಬೋಧಕರು ಇದನ್ನು ಅರಿತಿರಬೇಕು: ಒಬ್ಬರಿಗೆ ಬರಿಯ ಊಹೆಯೆನಿಸುವ ಪದ ಪಕ್ಕದಲ್ಲಿ ಕುಳಿತವರಿಗೆ ದೇವಾಜ್ಞೆ.

ಇಬ್ರಿಯ ಭಾಷೆಯಲ್ಲಿಯೂ ಇಂಥದೇ ನಂಟಿದೆ. ಆದಿಕಾಂಡ 2:7ರಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿದ್ದನ್ನು ಹೇಳುವ ‘ಯಾತ್ಸರ್’ ಕ್ರಿಯಾಪದವು ಕುಂಬಾರನ ಕೆಲಸಕ್ಕೂ ಸಲ್ಲುತ್ತದೆ. 6:5ರಲ್ಲಿ ಮನುಷ್ಯಹೃದಯದ ಆಲೋಚನೆಗಳು ತಾಳುವ ರೂಪಕ್ಕೆ ಅದೇ ಧಾತುವಿನ ‘ಯೇತ್ಸೆರ್’ ಬಳಕೆಯಾಗಿದೆ. ಅಲ್ಲಿ ಅದು ಕೇವಲ ಕೆಟ್ಟದ್ದು. ಯೆಶಾಯ 26:3ರಲ್ಲಾದರೋ ಅದೇ ‘ಯೇತ್ಸೆರ್’ ದೇವರಲ್ಲಿ ಸ್ಥಿರವಾಗಿ ನಿಂತು ಸಮಾಧಾನವನ್ನು ಹೊಂದುತ್ತದೆ. ಆದಕಾರಣ ದೋಷವಿರುವುದು ರೂಪಿಸುವ ಶಕ್ತಿಯಲ್ಲಲ್ಲ, ಅದು ತಿರುಗಿರುವ ದಿಕ್ಕಿನಲ್ಲಿ.

ಹಾಗಾದರೆ ಹೊಸ ಒಡಂಬಡಿಕೆಯ ಎಚ್ಚರಿಕೆ ಯಾವುದರ ಕುರಿತು? 1 ತಿಮೊಥೆಯ 1:4 ಮತ್ತು 2 ಪೇತ್ರ 1:16 ಖಂಡಿಸುವುದು ‘ಮೂಥೊಸ್’ ಅನ್ನು, ಅಂದರೆ ಸತ್ಯದ ಸ್ಥಾನವನ್ನು ಆಕ್ರಮಿಸುವ ಕಥೆಯನ್ನು. ಸಾಮ್ಯಕ್ಕಿರುವ ಗ್ರೀಕ್ ಪದ ‘ಪರಬೊಲೆ’. ಪಕ್ಕದಲ್ಲಿಡುವುದು ಎಂದು ಅದರ ಅರ್ಥ. ಸಾಮ್ಯವು ಸತ್ಯದ ಸ್ಥಾನವನ್ನು ಕಸಿಯದೆ ಅದರ ಪಕ್ಕದಲ್ಲಿ ನಿಂತು ಬೆಳಕು ಹಿಡಿಯುತ್ತದೆ. ನಾತಾನನು ಹೇಳಿದ ಕುರಿಮರಿಯ ಕಥೆ (2 ಸಮುವೇಲ 12) ಕಲ್ಪಿತ. ದಾವೀದನ ಪಾಪ ನಿಜ. ಆ ಕಲ್ಪಿತ ಕಥೆಯಿಲ್ಲದೆ ಅರಸನು ತನ್ನ ಬಾಯಿಂದಲೇ ತನಗೆ ತೀರ್ಪು ಕೊಡುತ್ತಿರಲಿಲ್ಲ.

ಆದರೂ ಗೆರೆಯೊಂದು ಉಂಟು. ಪೇತ್ರನ ಪತ್ರಿಕೆ ಕಲ್ಪಿತ ಕಥೆಗೆದುರಾಗಿ ಕಣ್ಣಾರೆ ಕಂಡವರ ಸಾಕ್ಷಿಯನ್ನು ನಿಲ್ಲಿಸುತ್ತದೆ. ತಪ್ಪಿಹೋದ ಮಗನು ಐತಿಹಾಸಿಕ ವ್ಯಕ್ತಿಯಾಗಬೇಕಾಗಿಲ್ಲ; ಕ್ರಿಸ್ತನ ಪುನರುತ್ಥಾನವಾದರೋ ಸಂಭವಿಸಿರಲೇಬೇಕು, ಇಲ್ಲವಾದರೆ ನಮ್ಮ ಬೋಧನೆ ವ್ಯರ್ಥ. ಪ್ರಸಂಗಿಯು ‘ಕಾಲ್ಪನಿಕ’ವೆಂಬ ಪದವನ್ನು ಬಿಡಬೇಕಾಗಿಲ್ಲ. ಯಾವುದನ್ನು ಯೇಸು ಕಲ್ಪಿಸಿ ಹೇಳಿದನು, ಯಾವುದನ್ನು ಶಿಷ್ಯರು ಕಂಡು ಹೇಳಿದರು ಎಂಬುದನ್ನು ಸಭೆಗೆ ಬಿಡಿಸಿ ತಿಳಿಸಿದರೆ ಸಾಕು.