ಹೊಸ್ತಿಲೂ ಹೊಳೆಯೂ

ನಮ್ಮ ಹಳೆಯ ಮನೆಗಳನ್ನು ಕಟ್ಟಿದವರೆಲ್ಲ ಕಾಲು ಗಟ್ಟಿಯಿದ್ದವರೇ ಆಗಿರಬೇಕು. ಈ ಮಾತು ನನಗೆ ಹೊಳೆದದ್ದು ಅರುವತ್ತು ದಾಟಿದ ಮೇಲೆ. ಅದೂ ನನ್ನ ಕಾಲಿನಿಂದಲ್ಲ, ನನ್ನ ಅಕ್ಕನ ಕಾಲಿನಿಂದ. ನಂಜನಗೂಡಿನಲ್ಲಿ, ಕಪಿಲಾ ನದಿಗೆ ಬಹಳ ದೂರವಲ್ಲದ ಒಂದು ಬೀದಿಯಲ್ಲಿ, ಆಕೆಯದು ತೊಟ್ಟಿಯ ಮನೆ. ಬೀದಿಯಿಂದ ಜಗಲಿಗೆ ಮೂರು ಮೆಟ್ಟಿಲು. ಜಗಲಿಯಿಂದ ಒಳಕ್ಕೆ ಹೊಸ್ತಿಲು. ತೊಟ್ಟಿಗೆ ಇಳಿಯಲು ಒಂದು ಮೆಟ್ಟಿಲು, ಅಡಿಗೆಮನೆಗೆ ಹತ್ತಲು ಇನ್ನೊಂದು. ಹಿತ್ತಿಲ ಬಾಗಿಲ ಆಚೆಗೆ ಬಚ್ಚಲು, ಅದರ ಪಕ್ಕಕ್ಕೆ ಕಕ್ಕಸು. ಐವತ್ತು ವರ್ಷ ಅಲ್ಲಿ ಬಾಳಿದ ಅಕ್ಕನಿಗೆ ಇವುಗಳ ಲೆಕ್ಕವೇ ಗೊತ್ತಿರಲಿಲ್ಲ. 2017ರ ಬೇಸಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಸೊಂಟದ ಬಳಿ ಮುರಿದು, ಶಸ್ತ್ರಚಿಕಿತ್ಸೆಯಾಗಿ, ವಾಕರು ಹಿಡಿದು ಮನೆಗೆ ಬಂದ ದಿನ ಲೆಕ್ಕ ಸಿಕ್ಕಿತು. "ಹನ್ನೊಂದು ಕಣೋ" ಎಂದಳು. ಮಲಗುವ ಕೋಣೆಯಿಂದ ಕಕ್ಕಸಿನವರೆಗಿನ ಏರಿಳಿತಗಳು ಹನ್ನೊಂದು!

ಹೊಸ್ತಿಲನ್ನು ನಾವು ಪೂಜಿಸುವವರು. ಬೆಳಗಾಗೆದ್ದು ಅದಕ್ಕೆ ಅರಿಸಿನ ಕುಂಕುಮವಿಟ್ಟು, ಮುಂದೆ ಎರಡು ಎಳೆ ರಂಗೋಲಿ ಬಿಡದೆ ಅಕ್ಕ ಕಾಫಿ ಕುಡಿದವಳಲ್ಲ. ಮಳೆಯ ನೀರನ್ನೂ ಹುಳುಹುಪ್ಪಟೆಯನ್ನೂ ತಡೆಯುವ ಆ ಮರದ ಪಟ್ಟಿ ಲಕ್ಷ್ಮಿಯ ನೆಲೆಯೂ ಹೌದಷ್ಟೆ. ಆದರೆ ವಾಕರು ಹಿಡಿದವರ ಪಾಲಿಗೆ ನಾಲ್ಕಂಗುಲದ ಹೊಸ್ತಿಲೆಂದರೆ ಗೋಡೆ. "ಕೊಯ್ಯಿಸಿಬಿಡೋಣ" ಎಂದ ನನ್ನ ಮಗ. ಅಕ್ಕ ಎರಡು ಕಿವಿಯನ್ನೂ ಮುಚ್ಚಿಕೊಂಡಳು. ಕಡೆಗೆ ದಾರಿ ತೋರಿಸಿದವನು ಊರಿನ ಬಡಗಿ. ಹೊಸ್ತಿಲನ್ನು ಮುಟ್ಟದೆ ಅದರ ಒಳಗೂ ಹೊರಗೂ ಇಳಿಜಾರಾಗಿ ಹಲಗೆ ಹಾಸಿದ. ಕಟ್ಟಡ ಬಲ್ಲವರು ಒಪ್ಪಿರುವ ಅಳತೆ ಒಂದಕ್ಕೆ ಹನ್ನೆರಡು. ಎಂದರೆ, ಒಂದಂಗುಲ ಏರಬೇಕಾದರೆ ಒಂದಡಿ ಉದ್ದದ ಇಳಿಜಾರು. ನಾಲ್ಕಂಗುಲದ ಹೊಸ್ತಿಲಿಗೆ ಎರಡೂ ಬದಿಗೆ ನಾಲ್ಕು ನಾಲ್ಕಡಿಯ ಹಲಗೆ. ಇದೇ ಲೆಕ್ಕವನ್ನು ಬೀದಿಯ ಮೂರು ಮೆಟ್ಟಿಲಿಗೆ ಹಾಕಿದಾಗ, ಏಳೇಳಂಗುಲದಂತೆ 21 ಅಂಗುಲದ ಎತ್ತರಕ್ಕೆ 21 ಅಡಿ ಬೇಕೆಂದಾಯಿತು. ಬೀದಿಯ ಅಗಲವೇ ಅಷ್ಟಿಲ್ಲ. ಬಡಗಿ ನಕ್ಕು ಅಳತೆಪಟ್ಟಿಯನ್ನು ಮಡಿಸಿದ. ನಾವೂ ಆ ಮಾತನ್ನು ಮಡಿಸಿಟ್ಟೆವು. ವೈದ್ಯರಲ್ಲಿಗೆ ಹೋಗಬೇಕಾದ ದಿನ ನಾನೂ ಮಗನೂ ಮೈಸೂರಿನಿಂದ ಬಂದು ಇಳಿಸಿಕೊಂಡರಾಯಿತು ಎಂದುಕೊಂಡೆವು. ಹೀಗೆ ಮನೆಯ ಒಳಗು ಅಕ್ಕನಿಗೆ ತೆರೆದುಕೊಂಡಿತು, ಹೊರಬಾಗಿಲು ಮುಚ್ಚಿತು. ಅದೊಂದು ದೊಡ್ಡ ಸಂಗತಿಯೆಂದು ಆಗ ಯಾರಿಗೂ ತೋರಲಿಲ್ಲ.

ಉಳಿದ ಬದಲಾವಣೆಗಳು ಒಂದೊಂದಾಗಿ ಆದವು. ಕುಳಿತಾಗ ಪಾದ ಪೂರ್ತಿ ನೆಲಕ್ಕೂರುವಂತೆ, ಏಳುವಾಗ ಮಂಡಿಯ ಮೇಲೆ ಭಾರ ಬೀಳದಂತೆ, ಮಂಚದ ಕಾಲಿಗೆ ಮರದ ಅಚ್ಚು ಕೊಟ್ಟು ಎತ್ತರಿಸಿದ್ದಾಯಿತು. ಕೋಣೆಯ ಮೂಲೆಗೆ ಕಮೋಡಿನ ಕುರ್ಚಿ ಬಂತು. ದೇವರ ಮನೆಯ ಗೋಡೆಗೆ ಒತ್ತಿಕೊಂಡ ಕೋಣೆಯಾದ್ದರಿಂದ ಅದಕ್ಕೆ ಒಂದು ವಾರ ಜಗಳವಾಯಿತು. ಬಚ್ಚಲಿನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದೆವು; ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ನೂಕಲಾಗದು. ನೆಲದ ಮೇಲೆ ಕೂರಲಾರದ ಅಕ್ಕ ಈಳಿಗೆಮಣೆಯನ್ನು ಮೇಜಿಗೆ ತಿರುಪು ಹಾಕಿ ಬಿಗಿಸಿಕೊಂಡಳು. ಈ ಉಪಾಯ ಆಕೆಯದೇ. ಅದನ್ನು ಬಂದವರಿಗೆಲ್ಲ ತೋರಿಸುವಾಗ ಆಕೆಯ ಮುಖದಲ್ಲಿ ಕಾಣುತ್ತಿದ್ದ ಗೆಲುವು ನಾವು ತಂದುಕೊಟ್ಟ ಯಾವ ಸಲಕರಣೆಯಿಂದಲೂ ಬಂದಿರಲಿಲ್ಲ.

ಎರಡು ವರ್ಷ ಹೀಗೆ ಸುಗಮವಾಗಿ ಸಾಗಿತು. 2019ರ ಆಗಸ್ಟ್ ಎರಡನೆಯ ವಾರ ಹೊಳೆ ಬಂತು.

ನಂಜನಗೂಡಿನವರಿಗೆ ಹೊಳೆಯ ನಡತೆ ಹೊಸದಲ್ಲ. ಮಳೆ ವಯನಾಡಿನಲ್ಲಿ ಸುರಿಯುತ್ತದೆ, ಕಬಿನಿ ಅಣೆಕಟ್ಟು ತುಂಬುತ್ತದೆ, ಬಾಗಿಲು ತೆಗೆಯುತ್ತಾರೆ. ಊರಿನ ಮೇಲೆ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ನದಿಯಂಚಿನ ಹದಿನಾರು ಕಾಲು ಮಂಟಪವೇ ಜನರ ಅಳತೆಗೋಲು. ಆ ವರ್ಷ ಅಣೆಕಟ್ಟಿನಿಂದ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ಸನ್ನೂ ಮೀರಿತು. ಮೈಸೂರು ರಸ್ತೆ ಮಲ್ಲನಮೂಲೆಯ ಬಳಿ ನೀರಿನಲ್ಲಿ ಮುಳುಗಿ ಸಂಚಾರ ನಿಂತಿತು. ಇಪ್ಪತ್ತಮೂರು ಕಿಲೋಮೀಟರಿನ ಈಚೆಗೆ ನಾನು ಫೋನು ಹಿಡಿದು ಕುಳಿತಿದ್ದೆ. "ಇಳಿಸಿಕೊಂಡರಾಯಿತು" ಎಂದುಕೊಂಡಿದ್ದ ಇಬ್ಬರೂ ಹೊಳೆಯ ಈಚೆ ದಡದಲ್ಲಿ!

ಬೀದಿಯಲ್ಲಿ ಧ್ವನಿವರ್ಧಕದಲ್ಲಿ ಸಾರಿಕೊಂಡು ಹೋದರು. ಜನ ಗಂಟುಮೂಟೆ ಕಟ್ಟಿ ಹೊರಟರು. ಪಕ್ಕದ ಮನೆಯಾಕೆ ಬಂದು ಕರೆದಾಗ ಅಕ್ಕ, "ನೀವು ಹೋಗಿರಮ್ಮ, ನನ್ನ ತಮ್ಮ ಬರ್ತಾನೆ" ಎಂದಳಂತೆ. ನಾನು ಬರಲಾರೆನೆಂದು ಆಕೆಗೆ ಗೊತ್ತಿತ್ತು. ಸಂಜೆ, ನೀರು ಎರಡನೆಯ ಮೆಟ್ಟಿಲಿಗೆ ಬಂದಾಗ, ದಿನವೂ ಹೂವು ಕೊಡುವ ಹುಡುಗನಿಗೆ ಅಜ್ಜಿಯ ನೆನಪಾಯಿತು. ಅವನೂ ಇನ್ನು ಮೂವರೂ ಬಂದು ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ನಡುದಾರಿಯಲ್ಲಿ ಕುರ್ಚಿಯ ಒಂದು ಕಾಲು ಸೀಳಿತು. ಆಮೇಲೆ ತೋಳಿನ ಮೇಲೆಯೇ ಹೊತ್ತರು. ಎತ್ತರದ ಬೀದಿಯ ಒಂದು ಛತ್ರದಲ್ಲಿ ಆಕೆ ನಾಲ್ಕು ದಿನ ಇದ್ದಳು. ಔಷಧ ಮನೆಯಲ್ಲಿ ಉಳಿದಿತ್ತು, ಕನ್ನಡಕ ಉಳಿದಿತ್ತು, ಎಲ್ಲಕ್ಕಿಂತ ಮಿಗಿಲಾಗಿ, ವಾಕರು ಉಳಿದಿತ್ತು. ಕಕ್ಕಸಿಗೆ ಹೋಗಬೇಕಾದರೆ ಪ್ರತಿಸಲವೂ ಯಾರನ್ನಾದರೂ ಕರೆಯಬೇಕು. ಕರೆಯುವುದನ್ನು ತಪ್ಪಿಸಿಕೊಳ್ಳಲು ಅಕ್ಕ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಸುತ್ತಲೂ ನೀರೋ ನೀರು, ಆಕೆಯ ತುಟಿ ಮಾತ್ರ ಒಣಗಿತ್ತು. ರಸ್ತೆ ತೆರೆದು ನಾನು ಹೋದಾಗ ಕಂಡದ್ದು ಇದು.

ಸಿಟ್ಟಿನಿಂದ, "ಪಕ್ಕದವರಿಗೆ ಯಾಕೆ ಸುಳ್ಳು ಹೇಳಿದೆ?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ನಾಲ್ಕು ಜನ ಹೊರೋದು ಒಂದೇ ಸಲ ಅಂತ ಇದ್ದೆ ಕಣೋ."

ಅಂದು ನನಗೆ ತಿಳಿಯಿತು, ನಾವು ಹಲಗೆಯ ಅಳತೆ ಹಾಕಿದ್ದೆವೇ ಹೊರತು ಈ ಸಂಕೋಚದ ಅಳತೆ ಹಾಕಿರಲಿಲ್ಲವೆಂದು. ನಮ್ಮಲ್ಲಿ ಮನುಷ್ಯನಿಗೆ ನಾಲ್ಕು ಹೆಗಲು ಒದಗುವುದು ಚಟ್ಟದ ಮೇಲೆ. ಬದುಕಿರುವಾಗಲೇ ಹೊರಿಸಿಕೊಳ್ಳುವುದೆಂದರೆ ಅಪಶಕುನ, ಇಲ್ಲವೆ ಅವಮಾನ.

ಹೊರುವ ಮಾತು ಬಂದದ್ದರಿಂದ ದೂರದ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಅಕ್ಕನಿಗೂ ಅದನ್ನು ಹೇಳಿದ್ದೆ. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದ 69ನೆಯ ಅಂತಸ್ತಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಲೆಕ್ಕಪತ್ರ ನೋಡುವ ನೌಕರನೊಬ್ಬನಿದ್ದ. 1993ರಲ್ಲಿ ಅಲ್ಲಿ ಬಾಂಬು ಸಿಡಿದಾಗ ಅವನನ್ನು ಕೆಳಗಿಳಿಸಲು ಗಂಟೆಗಟ್ಟಲೆ ಹಿಡಿದಿತ್ತು. ಅದಾದ ಮೇಲೆ, ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸಬಹುದಾದ ಹಗುರ ಕುರ್ಚಿಗಳನ್ನು ಅಲ್ಲಿ ತರಿಸಿಟ್ಟರು. 2001ರ ಸೆಪ್ಟೆಂಬರ್ 11ರಂದು ಹತ್ತು ಮಂದಿ ಸಹೋದ್ಯೋಗಿಗಳು ಅಂಥದೊಂದು ಕುರ್ಚಿಯಲ್ಲಿ, ಸರದಿಯ ಮೇಲೆ ಕೈಬದಲಿಸುತ್ತ, ಅವನನ್ನು ಅಷ್ಟೂ ಅಂತಸ್ತು ಇಳಿಸಿದರು. ಗೋಪುರ ಕುಸಿಯುವ ಮೊದಲು ಹನ್ನೊಂದು ಜನವೂ ಹೊರಗೆ ಬಂದಿದ್ದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅವನಿಗೆ ಸಂಕೋಚ ಆಗಲಿಲ್ಲವೆ?" ಎಲ್ಲ ಪತ್ರಿಕೆಗಳೂ ಅಂತಸ್ತುಗಳನ್ನು ಎಣಿಸಿದ್ದುವು, ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ.

ಕಾನೂನಿನ ಆಸರೆಯೂ ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣದಂತೆ, ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಅಂಗವಿಕಲರ ವಿವರಗಳನ್ನು ದಾಖಲಿಸಿಟ್ಟುಕೊಂಡು ಅಪಾಯದ ಮುನ್ಸೂಚನೆಯನ್ನು ಅವರಿಗೆ ಮುಟ್ಟಿಸತಕ್ಕದ್ದು. ಒಳ್ಳೆಯ ನಿಯಮ. ಆದರೆ ಮುಪ್ಪಿನಲ್ಲಿ ಕಾಲು ಸೋತವರು ತಮ್ಮನ್ನು ಅಂಗವಿಕಲರೆಂದು ಬರೆಯಿಸಿಕೊಳ್ಳುವುದು ಅಪರೂಪ. ಅಕ್ಕನಂತೂ "ನನಗೇನಾಗಿದೆ, ನಿಧಾನಕ್ಕೆ ನಡೀತೀನಿ" ಎನ್ನುವ ಪಂಗಡದವಳು. ಯಾವ ದಾಖಲೆಯಲ್ಲೂ ಆಕೆಯಿರಲಿಲ್ಲ. ಹೂವಿನ ಹುಡುಗನ ನೆನಪಿನಲ್ಲಿದ್ದಳು.

ಆದ್ದರಿಂದ ಎರಡನೆಯ ಸಲದ ಸಿದ್ಧತೆಯನ್ನು ಅಲ್ಲಿಂದಲೇ ಮೊದಲುಮಾಡಿದೆವು. ಹುಡುಗರ ಮನೆಗಳಿಗೆ ಅಕ್ಕನೇ ಫೋನು ಮಾಡಿ, ಕಜ್ಜಾಯ ತಿನ್ನಲು ಬರಹೇಳಿ, ತಾನೇ ಬಾಯಿಬಿಟ್ಟು ಕೇಳಿದಳು: ಮತ್ತೆ ಹೊಳೆ ಬಂದರೆ ನನ್ನನ್ನು ಎತ್ತಿಕೊಂಡು ಹೋಗುತ್ತೀರಾ ಎಂದು. ಆ ಮಾತು ಆಡಲು ಆಕೆಗೆ ಮೂರು ತಿಂಗಳು ಹಿಡಿಯಿತು. ಬಡಗಿ ನಮ್ಮ ತಂದೆಯ ಕಾಲದ ಕೈಕುರ್ಚಿಗೆ ಅಕ್ಕಪಕ್ಕ ಎರಡು ಗಳು ತೂರಿಸಲು ಕಬ್ಬಿಣದ ಬಳೆ ಹಾಕಿಕೊಟ್ಟ. ಎದೆಗೆ ಕಟ್ಟಲು ಹಳೆಯ ಸೀರೆಯ ಪಟ್ಟಿ. ಮೆಟ್ಟಿಲು ಇಳಿಯುವಾಗ ಕುಳಿತವರ ಮುಖ ಮುಂದಕ್ಕಿದ್ದು ಕುರ್ಚಿ ತುಸು ಹಿಂದಕ್ಕೆ ವಾಲಿರಬೇಕು. ಬಾಗಿಲ ಗೂಟದಲ್ಲಿ ಒಂದು ಚೀಲ: ವಾರದ ಮಾತ್ರೆ, ವೈದ್ಯರ ಚೀಟಿಯ ನಕಲು, ಹಳೆಯ ಕನ್ನಡಕ, ಟಾರ್ಚು, ಸೀಟಿ, ವಾಕರಿನ ಕಾಲಿಗೆ ಹಾಕುವ ರಬ್ಬರು, 112 ಮತ್ತು 1077ರ ಜೊತೆಗೆ ನಾಲ್ವರು ಹುಡುಗರ ನಂಬರು ಬರೆದ ಕಾಗದ. ವಾಕರನ್ನು ಹೊರಲೆಂದೇ ಐದನೆಯವನೊಬ್ಬನನ್ನು ಗೊತ್ತುಮಾಡಿದ್ದಾಯಿತು. ಕೊರೋನಾದ ವರ್ಷಗಳನ್ನು ಬಿಟ್ಟರೆ, ಪ್ರತಿ ಆಷಾಢದಲ್ಲೂ ಒಂದು ಸಂಜೆ ಕುರ್ಚಿ ಬೀದಿಗಿಳಿದು ದೇವಸ್ಥಾನದ ಮುಂದಿನವರೆಗೆ ಹೋಗಿಬರುತ್ತದೆ. ಮೊದಲ ವರ್ಷ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡಗಳು ಕುಸಿದ ದಿನಗಳಲ್ಲಿ ಕಪಿಲೆ ಮತ್ತೆ ಏರಿದಳು. ಬೀದಿಯಲ್ಲಿ ಸಾರುವವರು ಬರುವ ಮೊದಲೇ, ಹಗಲಿನಲ್ಲಿಯೇ, ಅಕ್ಕ ಹುಡುಗರಿಗೆ ಹೇಳಿಕಳುಹಿಸಿದ್ದಳು. ರಾತ್ರಿ ಛತ್ರದಿಂದ ನನಗೆ ಫೋನು ಬಂತು. ಕ್ಷೇಮ ಸಮಾಚಾರವಿರಬೇಕೆಂದು ಎತ್ತಿಕೊಂಡರೆ ದೂರು: ಎಡಗಡೆ ಹೊರುವ ಹುಡುಗ ಈಚೆಗೆ ಬಹಳ ಎತ್ತರವಾಗಿಬಿಟ್ಟಿದ್ದಾನೆ, ಕುರ್ಚಿ ದಾರಿಯುದ್ದಕ್ಕೂ ಬಲಕ್ಕೆ ವಾಲಿತ್ತು, ಮುಂದಿನ ವರ್ಷಕ್ಕೆ ಅವನ ಜೋಡಿಯನ್ನು ಬದಲಾಯಿಸಬೇಕು.