ನಿಮಗಿದು ಗೊತ್ತೇ? ಎಂಆರ್‌ಐ ಡೈ ಮತ್ತು ಕಿಡ್ನಿ ರೋಗಿಯ ಚರ್ಮ

ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಕಿಡ್ನಿ ರೋಗಿಗಳ ಕೈಕಾಲಿನ ಚರ್ಮ ಹಲಗೆಯಂತೆ ಬಿಗಿಯತೊಡಗಿತು. ವೈದ್ಯರು ಹಿಂದೆಂದೂ ಕಂಡಿರದ ಆ ಕಾಯಿಲೆಗೆ ಈಗಿನ ಹೆಸರು ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್.

ಮುಖವನ್ನು ಮಾತ್ರ ಇದು ಸಾಮಾನ್ಯವಾಗಿ ಮುಟ್ಟುವುದಿಲ್ಲ! ಮೊಣಕಾಲು, ಮೊಣಕೈ ಮಡಚಿಕೊಂಡು ಕೆಲವರು ನಡೆಯಲಾರದಂತಾಗುತ್ತಾರೆ. ಹೃದಯ, ಶ್ವಾಸಕೋಶಕ್ಕೂ ಇಳಿಯಬಹುದು.

ಕಾರಣದ ಸುಳಿವು ಸಿಕ್ಕಿದ್ದು 2006ರಲ್ಲಿ. ಡೈ ಕೊಟ್ಟು ಎಂಆರ್‌ಐ ಮಾಡಿಸಿದ ತಮ್ಮ ಡಯಾಲಿಸಿಸ್ ರೋಗಿಗಳಲ್ಲಿ ಕೆಲವರಿಗೆ ಈ ಕಾಯಿಲೆ ಬಂದದ್ದನ್ನು ಆಸ್ಟ್ರಿಯಾದ ವೈದ್ಯ ಥಾಮಸ್ ಗ್ರೋಬ್ನರ್ ಗುರುತಿಸಿದರು. ಆ ಡೈನಲ್ಲಿದ್ದದ್ದು ಗ್ಯಾಡೋಲಿನಿಯಂ ಎಂಬ ಲೋಹ. ವಿಪರ್ಯಾಸವೆಂದರೆ, ಸಿಟಿ ಸ್ಕ್ಯಾನಿನ ಅಯೋಡಿನ್ ಡೈ ಕಿಡ್ನಿಗೆ ಕೆಟ್ಟದ್ದು, ಇದೇ ವಾಸಿ ಎಂದು ಕಿಡ್ನಿ ರೋಗಿಗಳಿಗೆ ಇದನ್ನೇ ಆರಿಸಿ ಕೊಡುತ್ತಿದ್ದರು.

ಬರಿಯ ಗ್ಯಾಡೋಲಿನಿಯಂ ವಿಷ. ಆದ್ದರಿಂದ ಅದನ್ನು ಇನ್ನೊಂದು ಅಣುವಿನೊಳಗೆ ಕಟ್ಟಿಹಾಕಿ ರಕ್ತಕ್ಕೆ ಬಿಡುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧ ಡೈ ಹೊರಗೆ. ಕಿಡ್ನಿ ಪೂರ್ತಿ ಸೋತಿದ್ದರೆ ಅದಕ್ಕೇ 30 ಗಂಟೆಗೂ ಮಿಕ್ಕಿ ಬೇಕು. ಅಷ್ಟು ಹೊತ್ತು ಒಳಗೇ ಸುತ್ತುವಾಗ ಕಟ್ಟು ಸಡಿಲಗೊಂಡು ಲೋಹ ಕಳಚಿಕೊಳ್ಳುತ್ತದೆ. ಚರ್ಮ ಬಿಗಿಯುವುದಕ್ಕೆ ಇದೇ ಕಾರಣವೆಂದು ಭಾವಿಸಲಾಗಿದೆ. ಲೋಹವನ್ನು ಉಂಗುರದಂತೆ ಸುತ್ತುವರಿದ ಬಗೆಯ ಡೈಗಳಲ್ಲಿ ಕಟ್ಟು ಬಿಗಿ. ಅವುಗಳ ಬಳಕೆ ಹೆಚ್ಚಿದ ಮೇಲೆ ಹೊಸ ರೋಗಿಗಳು ತೀರಾ ಅಪರೂಪ. ಕಟ್ಟು ಸಡಿಲವಿರುವ ಬಗೆಯ ಮೂರು ಡೈಗಳನ್ನು ತೀವ್ರ ಕಿಡ್ನಿ ತೊಂದರೆ ಇರುವವರಿಗೆ ಕೊಡಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಹೇಳಿತು.

ಎಂಆರ್‌ಐ ಎಂದಾಕ್ಷಣ ಹೆದರಬೇಕಿಲ್ಲ, ಯಂತ್ರದ ತಪ್ಪೇನಿಲ್ಲ. ಸೊಂಟನೋವಿಗೆ ಡಿಸ್ಕ್ ನೋಡಲು ಮಾಡುವ ಸ್ಕ್ಯಾನಿಗೆ ಸಾಮಾನ್ಯವಾಗಿ ಡೈಯೇ ಬೇಡ.

ಡೈ ಬೇಕೇಬೇಕು ಎಂದಾದರೆ ಕ್ರಿಯಾಟಿನಿನ್ ವರದಿ, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ನೋಡುತ್ತಾರೆ. ಅದು 30ಕ್ಕಿಂತ ಕೆಳಗಿದ್ದರೆ ಎಚ್ಚರ. ನಮ್ಮ ಕಡೆಯವರಿಗೆ ಡಯಾಲಿಸಿಸ್ ಒಂದೂರಲ್ಲಿ, ಸ್ಕ್ಯಾನಿಂಗ್ ಮೈಸೂರಿನಲ್ಲಿ ಎಂದಾದಾಗ ಈ ವರದಿಗಳ ಫೈಲು ಮನೆಯಲ್ಲೇ ಉಳಿದುಬಿಡುವುದುಂಟು. ಡಯಾಲಿಸಿಸ್‌ನಲ್ಲಿರುವವರಿಗೆ ಡೈ ಕೊಟ್ಟ ಬೆನ್ನಿಗೇ ಡಯಾಲಿಸಿಸ್ ಆಗುವಂತೆ ಸ್ಕ್ಯಾನಿನ ಸಮಯ ಹೊಂದಿಸುವುದು ವಾಡಿಕೆ. ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಡಯಾಲಿಸಿಸ್ ದಿನ ಯಾವುದೆಂದು ಹೇಳಿ.