ಮಗುವಿನ ಪ್ರಕರಣ ಕೋರ್ಟಿನಲ್ಲಿದ್ದಾಗ ದೂರು ಯಾರಿಗೆ?

ಇಂಗ್ಲೆಂಡಿನಲ್ಲಿ ಲೆಕ್ಕಪತ್ರ ನೋಡಿಕೊಂಡಿರುವ ನಮಗೆ ದೂರು ಬರೆಯುವುದು ಹೊಸದಲ್ಲ. ಬ್ಯಾಂಕಿಗೆ, ತೆರಿಗೆ ಇಲಾಖೆಗೆ ಎಷ್ಟೋ ಪತ್ರ ಬರೆದಿದ್ದೇವೆ. ಹಾಗಾಗಿ ಪರಿಚಯದ ಕನ್ನಡ ಕುಟುಂಬವೊಂದರ ಮಗುವನ್ನು ಕೋರ್ಟಿನ ತಾತ್ಕಾಲಿಕ ಆದೇಶದ ಮೇಲೆ ಬೇರೆ ಮನೆಯಲ್ಲಿ ಇರಿಸಿದಾಗ, ನಾವು ನಾಲ್ಕು ಜನ ಕುಳಿತು 14 ಅಂಶಗಳ ದೂರು ಬರೆದು ಕೌನ್ಸಿಲ್‌ಗೆ ಕಳಿಸಿದೆವು. ಉತ್ತರ ಮೂರೇ ಸಾಲು: ವಿಷಯ ನ್ಯಾಯಾಲಯದ ಮುಂದಿದೆ, ಅಲ್ಲೇ ಹೇಳಿಕೊಳ್ಳಿ.

ಮೊದಲು ಸಿಟ್ಟು ಬಂತು. ಆಮೇಲೆ ನಮ್ಮ ತಪ್ಪು ತಿಳಿಯಿತು. ಮಗು ಎಲ್ಲಿರಬೇಕು, ಸಮಾಜ ಕಾರ್ಯಕರ್ತರ ವರದಿ ಸರಿಯೇ ಎಂಬುದನ್ನು ತೀರ್ಮಾನಿಸುವವರು ನ್ಯಾಯಾಧೀಶರು. ಕೌನ್ಸಿಲ್‌ನ ದೂರು ವಿಭಾಗ ಅದನ್ನು ಬದಲಿಸಲಾರದು. ಕೋರ್ಟಿನ ಕಲಾಪದಲ್ಲಿ ನಡೆದುದನ್ನು ಒಂಬುಡ್ಸ್‌ಮನ್ ಕೂಡ ವಿಚಾರಿಸುವಂತಿಲ್ಲ. ನಮ್ಮ ಹೈಕಮಿಷನ್‌ಗೂ ಇಲ್ಲಿನ ಆದೇಶವನ್ನು ರದ್ದು ಮಾಡುವ ಅಧಿಕಾರವಿಲ್ಲ.

ಹಾಗಾದರೆ ದಾರಿ? ಇಂಥ ಪ್ರಕರಣದಲ್ಲಿ ತಂದೆ-ತಾಯಿಗೆ ಸಂಬಳ ಎಷ್ಟಿದ್ದರೂ ಸರಕಾರಿ ಖರ್ಚಿನಲ್ಲಿ ಸಾಲಿಸಿಟರ್ ಸಿಗುತ್ತಾರೆ. ನಮ್ಮ 14 ಅಂಶಗಳಲ್ಲಿ ಹೆಚ್ಚಿನವು ಅವರ ಮೂಲಕ ಹೇಳಿಕೆಯಾಗಿ ಕೋರ್ಟಿಗೆ ಹೋಗಬೇಕಿತ್ತು. ಪ್ರಕರಣ 26 ವಾರಗಳಲ್ಲಿ ಮುಗಿಯಬೇಕೆಂಬುದು 2014ರ ಕಾಯ್ದೆಯ ನಿಯಮ. ದೂರಿನ ಉತ್ತರಕ್ಕೆ ಕಾಯುತ್ತ ನಾವು ಕಳೆದ ಒಂದೊಂದು ವಾರವೂ ಆ ಲೆಕ್ಕದಿಂದಲೇ ಹೋಯಿತು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಸಾಮಾನ್ಯವಾಗಿ 21 ದಿನ. ತಾತ್ಕಾಲಿಕ ಆದೇಶಕ್ಕೆ ಏಳೇ ದಿನ.

ದೂರಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಧಿಕಾರಿಯ ಒರಟು ಮಾತು, ಪತ್ರಕ್ಕೆ ಉತ್ತರಿಸದಿರುವುದು ಮುಂತಾದವಕ್ಕೆ ದೂರು ಕೊಡಬಹುದು. ವಿಚಾರಣೆಗೆ ಅಡ್ಡಿಯಾಗುತ್ತದೆಂದು ಕೌನ್ಸಿಲ್ ಅದನ್ನು ತಡೆದರೆ, ಪ್ರಕರಣ ಮುಗಿದ ಒಂದು ವರ್ಷದೊಳಗೆ ಮತ್ತೆ ಸಲ್ಲಿಸಬಹುದು. ಆದರೆ ಕೋರ್ಟು ತೀರ್ಮಾನಿಸಿದ್ದನ್ನು ದೂರಿನ ಹೆಸರಿನಲ್ಲಿ ಮತ್ತೆ ಎತ್ತುವಂತಿಲ್ಲ.

ಊರಿನಲ್ಲಿರುವ ಹಿರಿಯರಿಗೆ ಒಂದು ಮಾತು. ಮೊಮ್ಮಗುವಿನ ಫೋಟೊ ಹಾಕಿ ‘ನ್ಯಾಯ ಕೊಡಿಸಿ’ ಎಂದು ಫೇಸ್‌ಬುಕ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ. ಪ್ರಕರಣದಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸುವುದು 1989ರ ಮಕ್ಕಳ ಕಾಯ್ದೆಯ ಪ್ರಕಾರ ಅಪರಾಧ. ನೀವು ಸಂಕಟದಿಂದ ಹಂಚಿದ್ದು ಇಲ್ಲಿರುವ ಮಗ-ಸೊಸೆಯ ವಿರುದ್ಧವೇ ತಿರುಗಬಹುದು. ಮಗುವನ್ನು ನಾವೇ ಸಾಕುತ್ತೇವೆ ಎಂಬ ಮನಸ್ಸಿದ್ದರೆ ಅದನ್ನು ತಡಮಾಡದೆ ಸಾಲಿಸಿಟರ್‌ಗೆ ತಿಳಿಸಲು ಹೇಳಿ. ಬಂಧುಗಳ ಬಳಿ ಮಗು ಇರಬಹುದೇ ಎಂಬುದನ್ನೂ ಇಲ್ಲಿ ಪರಿಶೀಲಿಸುತ್ತಾರೆ. ಹತ್ತು ದೂರುಗಳಿಗಿಂತ ಆ ಒಂದು ಪತ್ರಕ್ಕೆ ತೂಕ ಹೆಚ್ಚು.

ಆ ಕುಟುಂಬಕ್ಕೆ ಮುಂದೇನಾಯಿತು ಎಂದು ನೀವು ಕೇಳಬಹುದು. ಮಗುವಿನ ಹಿತಕ್ಕಾಗಿ ಅದನ್ನು ನಾವೂ ಬರೆಯುವುದಿಲ್ಲ.